ಟ್ರಿಪ್ ಆಗದ ಶಾರ್ಟ್: ಒಂದು ಡಿಸಿಸಿ ಮಾಡೆಲ್ ರೈಲು ಲೇಔಟಿನ ಪ್ರಕರಣ

ಡಿಸಿಸಿ ಎಂದರೆ ಹಳಿಯ ವಿದ್ಯುತ್ತಿನ ಮೂಲಕವೇ ಪ್ರತಿ ಇಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ವಿಧಾನ. ಅಂಥ ಒಂದು ಲೇಔಟಿನಲ್ಲಿ, ರೈಲುಗಳನ್ನು ನಿಲ್ಲಿಸುವ ಯಾರ್ಡಿನ ತುದಿಯ ಸೈಡಿಂಗ್‌ನಲ್ಲಿ ಒಂದು ಪ್ರಯಾಣಿಕ ಬೋಗಿಯ ಗಾಲಿ ಹಳಿ ತಪ್ಪಿ, ಪಾಯಿಂಟಿನ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಫ್ರಾಗ್ (ಹಳಿಗಳು ಒಂದನ್ನೊಂದು ದಾಟುವ ತುಂಡು) ಬಳಿ ವಿರುದ್ಧ ಪೋಲಾರಿಟಿಯ ಎರಡು ಹಳಿಗಳಿಗೆ ಅಡ್ಡವಾಗಿ ಕೂತಿತ್ತು. ಶಾರ್ಟ್ ಆಗಿತ್ತು, ಆದರೆ ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ಟ್ರಿಪ್ ಆಗಿರಲಿಲ್ಲ, ಅಂದರೆ ತಾನಾಗಿ ವಿದ್ಯುತ್ ಕಡಿದಿರಲಿಲ್ಲ. ಮುಖ್ಯ ಹಳಿಯಲ್ಲಿದ್ದ ಒಂದೇ ರೈಲು ತುಸು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಹಾಗಾಗಿ ಯಾರ್ಡಿನತ್ತ ಯಾರೂ ತಿರುಗಿ ನೋಡಲಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವಷ್ಟರಲ್ಲಿ ಬೋಗಿಯ ಗಾಲಿಚೌಕಟ್ಟು ಮೆತ್ತಗಾಗಿ ವಾಲಿತ್ತು. ಅಲ್ಲಿಂದ ಹಿಂದಕ್ಕೆ ಮೂರು ಕಡೆ, ಹಳಿಗಳನ್ನು ಕೂಡಿಸುವ ಜಾಯಿನರ್‌ಗಳ ಕೆಳಗಿನ ಸ್ಲೀಪರ್‌ಗಳು ಕರಗಿ ಹಳಿಯ ಅಗಲವೇ ವ್ಯತ್ಯಾಸವಾಗಿತ್ತು.

ಇದೇ ಲೇಔಟಿನಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದೂರೂ ಇತ್ತು. ಮುಖ್ಯ ಹಳಿಯಲ್ಲಿ ಯಾರಾದರೂ ಬೇರೆ ದಿಕ್ಕಿಗೆ ಹೊಂದಿಸಿದ್ದ ಪಾಯಿಂಟಿಗೆ ಇಂಜಿನ್ ಓಡಿಸಿದರೆ ಇಡೀ ಲೇಔಟ್ ಒಮ್ಮೆಗೇ ಸತ್ತುಹೋಗುತ್ತಿತ್ತು. ಒಂದು ಕಡೆ ಅತಿ ರಕ್ಷಣೆ, ಇನ್ನೊಂದು ಕಡೆ ರಕ್ಷಣೆಯೇ ಇಲ್ಲ. ಎರಡಕ್ಕೂ ಬೂಸ್ಟರ್ ಕೆಟ್ಟಿದೆ ಎಂಬ ತೀರ್ಮಾನ ಸುಲಭ. ಬೂಸ್ಟರ್ ಸರಿಯಾಗಿಯೇ ಇತ್ತು.

ಲೇಔಟ್ ಹೇಗಿತ್ತು

ಎಚ್‌ಓ ಅಳತೆ, 16.5 ಮಿ.ಮೀ. ಗೇಜು, ಕೋಡ್ 100 (0.1 ಇಂಚು ಎತ್ತರದ) ಹಳಿ. ಕೋಣೆಯ ಮೂರು ಗೋಡೆಗಳಿಗೆ ಒರಗಿದ ಲಾಳಾಕಾರದ ಹಲಗೆ. ಜೋಡಿ ಮುಖ್ಯ ಹಳಿ, 8 ಸಾಲಿನ ಯಾರ್ಡ್, ಒಂದು ಶಾಖಾ ಮಾರ್ಗ, ಅದರ ಕೊನೆಗೆ ರೈಲು ಸುತ್ತಿ ಮರಳುವ ತಿರುವು ಲೂಪ್. ಪಾಯಿಂಟ್‌ಗಳು 22; ಅವುಗಳಲ್ಲಿ 14ಕ್ಕೆ ಲೋಹದ ಲೈವ್ (ವಿದ್ಯುತ್ ಹರಿಯುವ) ಫ್ರಾಗ್. ಇಂಜಿನ್‌ಗಳು 17, ಅದರಲ್ಲಿ 9 ಸೌಂಡ್ ಡಿಕೋಡರ್ (ಆಜ್ಞೆ ಓದಿ ಇಂಜಿನ್ ಓಡಿಸುವ, ಸದ್ದೂ ಹೊರಡಿಸುವ ಸರ್ಕಿಟ್) ಇರುವಂಥವು. ಹಳಿಗೆ 15 ವೋಲ್ಟ್ ಕೊಡುವ, 5 ಆಂಪ್ ಮೀರಿದರೆ ಕಡಿದುಕೊಳ್ಳುವ ಒಂದೇ ಬೂಸ್ಟರ್, ಅದೂ ಲಾಳದ ಒಂದು ತುದಿಯಲ್ಲಿ. ಯಾರ್ಡ್ ಇನ್ನೊಂದು ತುದಿಯಲ್ಲಿ. ನಡುವೆ 14 ಮೀಟರ್ ಉದ್ದದ ಬಸ್ ವೈರ್, ಅಂದರೆ ಹಲಗೆಯುದ್ದಕ್ಕೂ ಸಾಗುವ ಮುಖ್ಯ ತಂತಿ. ಸ್ಪೀಕರಿಗೆ ಬಳಸುವ 0.75 ಚ.ಮಿ.ಮೀ. ಜೋಡಿ ತಂತಿ. ಬಸ್ಸಿನಿಂದ ಹಳಿಗೆ ಹೋಗುವ ಫೀಡರ್ ತಂತಿಗಳು ಅದಕ್ಕಿಂತ ಸಣ್ಣವು, 0.2 ಚ.ಮಿ.ಮೀ., ಅವೂ ಮೂರ್ನಾಲ್ಕು ಹಳಿ ತುಂಡಿಗೆ ಒಂದು ಜೋಡಿಯಂತೆ.

ಹಳೆಯ ಡಿಸಿ ಕಂಟ್ರೋಲರಿನಲ್ಲಿ ಈ ವೈರಿಂಗ್ ನಡೆದುಹೋಗುತ್ತದೆ. ಅಲ್ಲಿ ಹರಿಯುವುದೇ ಹೆಚ್ಚೆಂದರೆ ಒಂದು ಆಂಪ್. ವೇಗ ಕಮ್ಮಿ ಇದ್ದಾಗ ವೋಲ್ಟೇಜೂ ಕಮ್ಮಿ. ಡಿಸಿಸಿಯಲ್ಲಿ ಇಂಜಿನ್ ನಿಂತಿರಲಿ ಓಡಲಿ, ಹಳಿಯ ಮೇಲೆ ಸದಾ ಪೂರ್ಣ ವೋಲ್ಟೇಜು. 15 ವೋಲ್ಟ್ × 5 ಆಂಪ್ ಅಂದರೆ 75 ವಾಟ್. ಒಳ್ಳೆಯ ಬೆಸುಗೆ ಕಡ್ಡಿಯನ್ನೂ ಮೀರಿಸುವ ಶಾಖ ಅದು.

ಟ್ರಿಪ್ ಯಾಕೆ ಆಗಲಿಲ್ಲ: ಓಮ್‌ಗಳ ಲೆಕ್ಕ

ಬೂಸ್ಟರಿಗೆ ಶಾರ್ಟ್ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಆಂಪ್ ಒಂದೇ. ದಾರಿಯಲ್ಲಿ ಪ್ರತಿರೋಧ ಹೆಚ್ಚಿದ್ದರೆ ಶಾರ್ಟ್ ಕೂಡ ಭಾರವಾದ ರೈಲಿನಂತೆಯೇ ಕಾಣುತ್ತದೆ. ಬೂಸ್ಟರಿನಿಂದ ಆ ಸೈಡಿಂಗಿಗೆ ಹೋಗಿ ಬರುವ ದಾರಿಯನ್ನು ಅಳೆದಾಗ ಸಿಕ್ಕಿದ್ದು ಹೀಗೆ.

0.75 ಚ.ಮಿ.ಮೀ. ತಾಮ್ರದ ಎಳೆತಂತಿಗೆ ಮೀಟರಿಗೆ ಸುಮಾರು 0.026 ಓಮ್, ಹೋಗಿಬರಲು 28 ಮೀಟರ್, ಅಂದರೆ 0.73 ಓಮ್. ಫೀಡರ್ ಜೋಡಿಯಿಂದ 0.11. ಕೊನೆಯ ಫೀಡರಿನಿಂದಾಚೆ ಹಳಿಯ ಮೇಲೆಯೇ 2.7 ಮೀಟರ್ ದೂರವಿತ್ತು. ನಿಕಲ್ ಸಿಲ್ವರ್ ಹಳಿ (ಹೆಸರಿನಲ್ಲಿ ಬೆಳ್ಳಿ ಇದೆಯೇ ಹೊರತು ಒಳಗಿರುವುದು ತಾಮ್ರ, ನಿಕಲ್, ಸತು) ತಾಮ್ರಕ್ಕಿಂತ ಹದಿನೈದು ಪಟ್ಟಿನ ಹತ್ತಿರ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಕೋಡ್ 100ಕ್ಕೆ ಮೀಟರಿಗೆ 0.11 ಓಮ್ ಹಿಡಿದರೆ ಎರಡೂ ಹಳಿ ಸೇರಿ 0.59. ನಿಜವಾದ ಕಳ್ಳ ಇದಾದ ಮೇಲೆ ಸಿಕ್ಕಿತು: ಬಣ್ಣ ಬಳಿದು, ಬ್ಯಾಲಸ್ಟಿನ ಅಂಟು ಇಳಿದು, ಮಾಸಿಹೋದ ಆರು ಜಾಯಿನರ್‌ಗಳು, ಒಂದೊಂದೂ ಸುಮಾರು 0.25 ಓಮ್. ಒಟ್ಟು 1.5. ಬೂಸ್ಟರಿನ ತಿರುಪು ಟರ್ಮಿನಲ್‌ಗಳಿಗೆ 0.2, ಗಾಲಿ ಹಳಿಗೆ ತಾಗಿದ ಬಿಂದುವಿನಲ್ಲಿ 0.35.

ಕೂಡಿದರೆ 3.48 ಓಮ್. 15ನ್ನು ಅದರಿಂದ ಭಾಗಿಸಿದರೆ 4.3 ಆಂಪ್. ಓಡುತ್ತಿದ್ದ ರೈಲು ಮತ್ತು ಸುಮ್ಮನೆ ನಿಂತ ಇಂಜಿನ್‌ಗಳದ್ದು ಅರ್ಧ ಆಂಪ್. ಒಟ್ಟು 4.8. ಮಿತಿ 5. ಇನ್ನೊಂದು ರೈಲು ಓಡುತ್ತಿದ್ದಿದ್ದರೆ ಬೂಸ್ಟರ್ ಕಡಿದುಕೊಂಡು ಬೋಗಿ ಉಳಿಯುತ್ತಿತ್ತು ಅನ್ನುವುದು ಈ ಪ್ರಕರಣದ ವಿಚಿತ್ರ.

ಶಾಖ ಎಲ್ಲೆಲ್ಲಿ ಹಂಚಿಹೋಯಿತು ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಗಾಲಿಯ ಬಿಂದುವಿನಲ್ಲಿ 6.5 ವಾಟ್, ಪ್ರತಿ ಜಾಯಿನರಿನಲ್ಲಿ 4.6 ವಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖ ನಿಮಿಷಗಟ್ಟಲೆ ನಿಂತರೆ ಪ್ಲಾಸ್ಟಿಕ್ ತಡೆಯುವುದಿಲ್ಲ.

ಯಾರ್ಡಿಗೆ 3.8 ಆಂಪಿನ ಬ್ರೇಕರ್ ಒಂದನ್ನು ಹಾಕಿದ್ದರೆ ಸಾಲದಿತ್ತೇ? ಆ ದಿನದ ಮಟ್ಟಿಗೆ ಸಾಕಿತ್ತು, ಅರ್ಧ ಆಂಪ್ ಅಂತರದಲ್ಲಿ. ಜಾಯಿನರ್‌ಗಳು ಇನ್ನರ್ಧ ಓಮ್ ಮಾಸಿದರೆ ಕರೆಂಟ್ 3.77ಕ್ಕೆ ಇಳಿಯುತ್ತದೆ, ಬ್ರೇಕರೂ ಸುಮ್ಮನಿರುತ್ತದೆ. ಆದ್ದರಿಂದ ಮೊದಲು ತಂತಿ, ಆಮೇಲೆ ಬ್ರೇಕರ್. ಈ ಕ್ರಮ ತಿರುಗುಮುರುಗಾದರೆ ಹಣ ಖರ್ಚಾಗುತ್ತದೆ, ಅಪಾಯ ಅಲ್ಲೇ ಇರುತ್ತದೆ.

ತಂತಿ ಬದಲಿಸಿದ್ದು

ಬೂಸ್ಟರನ್ನು ತುದಿಯಿಂದ ಎತ್ತಿ ಲಾಳದ ನಡುಭಾಗಕ್ಕೆ ತಂದಿದ್ದು ಮೊದಲ ಕೆಲಸ. ಬಸ್ ಎರಡು ಕೈಗಳಾಗಿ ಒಡೆದು, ಉದ್ದನೆಯದ್ದೂ 7 ಮೀಟರಿಗೆ ಇಳಿಯಿತು. ತಂತಿ 2.5 ಚ.ಮಿ.ಮೀ., ಮೀಟರಿಗೆ 0.008 ಓಮ್. ಹೋಗಿಬರಲು 0.11 ಓಮ್ ಮಾತ್ರ. ಎರಡು ಎಳೆಗಳನ್ನು 30 ಸೆಂ.ಮೀ.ಗೆ ಮೂರರಂತೆ ಸಡಿಲವಾಗಿ ಹೆಣೆಯಲಾಯಿತು; ಬೇರೆ ಬೇರೆ ದೂರದಲ್ಲಿ ಓಡುವ ಜೋಡಿಗಿಂತ ಹೆಣೆದ ಜೋಡಿಯ ಇಂಡಕ್ಟೆನ್ಸ್ ಕಮ್ಮಿ.

ಪ್ರತಿ ಹಳಿ ತುಂಡಿಗೂ ಅದರದ್ದೇ ಫೀಡರ್: 0.5 ಚ.ಮಿ.ಮೀ., 25 ಸೆಂ.ಮೀ. ಮೀರದಂತೆ, ತುಂಡಿನ ನಡುವಿಗೆ. 91 ಸೆಂ.ಮೀ. ಉದ್ದದ ಫ್ಲೆಕ್ಸ್ ಹಳಿಯ ಯಾವ ಬಿಂದುವೂ ಆಗ ಫೀಡರಿನಿಂದ 46 ಸೆಂ.ಮೀ.ಗಿಂತ ದೂರವಿರುವುದಿಲ್ಲ. ಜಾಯಿನರಿನ ಕೆಲಸ ಇನ್ನು ಹಳಿ ತುದಿಗಳನ್ನು ನೇರಕ್ಕೆ ಹಿಡಿಯುವುದಷ್ಟೇ, ಕರೆಂಟ್ ಸಾಗಿಸುವುದಲ್ಲ. ಎಲ್ಲ ಜಾಯಿನರ್‌ಗಳನ್ನೂ ಬೆಸೆದುಬಿಡುವ ಅಡ್ಡದಾರಿಯನ್ನು ಇಲ್ಲಿ ಬೇಕೆಂದೇ ಬಿಡಲಾಯಿತು. ಹವೆ ಬದಲಾದಂತೆ ಹಲಗೆ ಹಿಗ್ಗಿ ಕುಗ್ಗುತ್ತದೆ. ಹಳಿಗೆ ಸರಿಯಲು ಜಾಗವಿಲ್ಲದಿದ್ದರೆ ಅದು ಸೊಟ್ಟಗಾಗುತ್ತದೆ. ಬಾಗಿದ ಫ್ಲೆಕ್ಸ್ ಹಳಿಯ ಕೂಡುಗಳನ್ನು ಮಾತ್ರ ಬೆಸೆಯಲಾಯಿತು.

ಬೆಸುಗೆಯ ವಿವರ: ಹಳಿಯ ಹೊರಮೈಯಲ್ಲಿ, ತಲೆಯ ಕೆಳಗೆ, ಜಾಗವನ್ನು ಚೂಪಾದ ಕತ್ತಿಯಿಂದ ಕೆರೆದು ಹೊಳಪು ತಂದು, ಮೊದಲು ಹಳಿಗೂ ತಂತಿಗೂ ಬೇರೆಬೇರೆಯಾಗಿ ಸೋಲ್ಡರ್ ಹಚ್ಚಿ, ಆಮೇಲೆ ಎರಡನ್ನೂ ತಾಗಿಸಿ 60 ವಾಟಿನ ಕಡ್ಡಿಯಲ್ಲಿ ಎರಡು ಮೂರು ಸೆಕೆಂಡು. ಸಣ್ಣ ಕಡ್ಡಿ ಹಿಡಿದು ಹದಿನೈದು ಸೆಕೆಂಡ್ ಕಾಯಿಸುವುದರಿಂದಲೇ ಸ್ಲೀಪರ್‌ಗಳು ಕರಗುವುದು. ಅಕ್ಕಪಕ್ಕ ಒದ್ದೆ ಹತ್ತಿ ಇಟ್ಟರೆ ಇನ್ನೂ ಒಳ್ಳೆಯದು. ಬಸ್ಸಿನ ಮೇಲೆ ಕೆಂಪು, ಕಪ್ಪು ತಂತಿಗಳ ಸಿಪ್ಪೆ ತೆಗೆದ ಜಾಗ ಎದುರುಬದುರು ಬರದಂತೆ ನಾಲ್ಕೈದು ಸೆಂ.ಮೀ. ಸರಿಸಿ ಸುಲಿಯಬೇಕು.

ಈಗಿನ ಲೆಕ್ಕ: ಬಸ್ 0.11, ಫೀಡರ್ 0.02, ಹಳಿ 0.10, ಟರ್ಮಿನಲ್ ಮತ್ತು ಬ್ರೇಕರ್ ಸೇರಿ 0.15. ಗಾಲಿಯ 0.35 ಕೂಡಿಸಿದರೂ 0.73 ಓಮ್. ಅಂದರೆ ಶಾರ್ಟ್ ಆದಾಗ ದಾರಿ ಕೇಳುವುದು 20 ಆಂಪ್. ಬೂಸ್ಟರ್ ಅಷ್ಟು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ; 5 ಆಂಪನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ದಾಟಿದರೆ ಸಾಕು.

ವಿಭಾಗಗಳು, ಬ್ರೇಕರ್‌ಗಳು, ಒಂದು ಎಡವಟ್ಟು

ಲೇಔಟನ್ನು ನಾಲ್ಕು ವಿಭಾಗ ಮಾಡಲಾಯಿತು: ಎರಡು ಮುಖ್ಯ ಹಳಿಗಳು, ಯಾರ್ಡ್, ಶಾಖಾ ಮಾರ್ಗ. ಗಡಿಯಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ, ಸಂದಿಗೆ 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಚೂರು ಎಪಾಕ್ಸಿಯಲ್ಲಿ ಅಂಟಿಸಿ, ಹಳಿಯ ಆಕಾರಕ್ಕೆ ಅರದಿಂದ ಉಜ್ಜಲಾಯಿತು. ಸಂದಿಯನ್ನು ಬರಿದೇ ಬಿಟ್ಟರೆ ಸೆಖೆಯ ದಿನ ಹಳಿ ಹಿಗ್ಗಿ ತುದಿಗಳು ತಾವೇ ಕೂಡಿಕೊಳ್ಳುತ್ತವೆ. ಆ ದೋಷ ಹುಡುಕುವುದು ದೊಡ್ಡ ತಲೆನೋವು, ಸಂಜೆ ತಂಪಾದ ಮೇಲೆ ಅದು ಇರುವುದೇ ಇಲ್ಲ.

ಪ್ರತಿ ವಿಭಾಗಕ್ಕೂ ಒಂದೊಂದು ಎಲೆಕ್ಟ್ರಾನಿಕ್ ಬ್ರೇಕರ್, 2.5 ಆಂಪಿಗೆ. ಎಚ್‌ಓ ಇಂಜಿನ್ ಒಂದು ಓಡುವಾಗ ಸಾಮಾನ್ಯವಾಗಿ ಕಾಲಿನಿಂದ ಅರ್ಧ ಆಂಪ್ ಎಳೆಯುತ್ತದೆ. ಒಂದು ವಿಭಾಗದಲ್ಲಿ ಮೂರು ನಾಲ್ಕು ಓಡಿದರೂ 2 ಆಂಪಿನ ಒಳಗೇ. ಗಾಜಿನ ಫ್ಯೂಸನ್ನು ಪರಿಗಣಿಸಲೇ ಇಲ್ಲ, ಪ್ರತಿ ಹಳಿ ತಪ್ಪಿಗೂ ಹೊಸ ಫ್ಯೂಸ್ ಬೇಕು. ತಾನೇ ಮರಳುವ ಪಾಲಿಫ್ಯೂಸ್ ಬಿಸಿಯಾಗಿ ಕಡಿಯಲು ಸೆಕೆಂಡುಗಳೇ ಹಿಡಿಯುವುದುಂಟು, ಅಷ್ಟರೊಳಗೆ ಬೂಸ್ಟರೇ ಮಲಗಿರುತ್ತದೆ.

ಜೋಡಣೆ ಮುಗಿದು, ಬೇಕೆಂದೇ ಶಾರ್ಟ್ ಮಾಡಿ ನೋಡಲು ಮೊದಲ ಸಲ ಎರಡು ಹಳಿಗಳಿಗೆ ಅಡ್ಡವಾಗಿ ನಾಣ್ಯ ಇಟ್ಟಾಗ ಹಿಂದಿನಂತೆ ಇಡೀ ಲೇಔಟ್ ನಿಂತಿತು. ಬ್ರೇಕರಿನ ದೀಪ ಮಾತ್ರ ಏನೂ ಆಗದಂತೆ ಉರಿಯುತ್ತಿತ್ತು. 2.5, 5ಕ್ಕಿಂತ ಕಮ್ಮಿ ನಿಜ. ಆದರೆ ಶಾರ್ಟಿನಲ್ಲಿ ಕರೆಂಟ್ ಎರಡೂ ಮಿತಿಗಳನ್ನು ಒಂದೇ ಕ್ಷಣದಲ್ಲಿ ದಾಟುತ್ತದೆ. ಆಮೇಲೆ ಗೆಲ್ಲುವುದು ಯಾರು ಬೇಗ ಕಡಿಯುತ್ತಾರೋ ಅವರು. ಇಲ್ಲಿ ಬೂಸ್ಟರ್ ಬೇಗ ಕಡಿಯುತ್ತಿತ್ತು. ಪರಿಹಾರ ಬೂಸ್ಟರಿನ ಸೆಟ್ಟಿಂಗಿನಲ್ಲೇ ಇತ್ತು, ಕಡಿಯುವ ಮುನ್ನ ಕಾಯುವ ಅವಧಿಯನ್ನು ಹೆಚ್ಚಿಸುವುದು. ಡಿಜಿಟ್ರ್ಯಾಕ್ಸ್ ಕಮಾಂಡ್ ಸ್ಟೇಷನ್‌ಗಳಲ್ಲಿ ಇದನ್ನು 18ನೇ ಆಪ್ಷನ್ ಸ್ವಿಚ್ ಮಾಡುತ್ತದೆ: ಎಂಟನೇ ಒಂದು ಸೆಕೆಂಡು ಇದ್ದದ್ದು ಅರ್ಧ ಸೆಕೆಂಡಾಗುತ್ತದೆ. ಬೇರೆ ತಯಾರಿಕೆಗಳಲ್ಲಿ ಕೈಪಿಡಿ ನೋಡಬೇಕು; ಈ ಸೌಲಭ್ಯವೇ ಇಲ್ಲದ ಬೂಸ್ಟರ್ ಆದರೆ ಇನ್ನೂ ಚುರುಕಾದ ಬ್ರೇಕರನ್ನೇ ಆರಿಸಬೇಕು.

ನಾಲ್ಕೂ ವಿಭಾಗಗಳ ಬಸ್ಸಿನ ತುದಿಗೆ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ 100 ವೋಲ್ಟ್ ಫಿಲ್ಮ್ ಕೆಪಾಸಿಟರ್ ಸಾಲಾಗಿ ಜೋಡಿಸಿ ಎರಡೂ ತಂತಿಗಳ ನಡುವೆ ಹಾಕಲಾಯಿತು. ಬ್ರೇಕರ್ ಥಟ್ಟನೆ ಕಡಿದಾಗ ಉದ್ದ ತಂತಿಯಲ್ಲಿ ಏಳುವ ವೋಲ್ಟೇಜು ಮೊನೆಗಳನ್ನು ಇದು ಹೀರುತ್ತದೆ. ಇಲ್ಲದಿದ್ದರೆ ಅವು ತಟ್ಟುವುದು ಡಿಕೋಡರಿಗೆ. ರೆಸಿಸ್ಟರ್ 2 ವಾಟಿನದ್ದೇ ಇರಲಿ. ಡಿಸಿಸಿ ಅಲೆಯಲ್ಲಿ ‘ಒಂದು’ ಬಿಟ್ಟಿನ ಅರ್ಧಾವಧಿ 58 ಮೈಕ್ರೋಸೆಕೆಂಡ್; ಪ್ರತಿ ಸಲ ಅಲೆ ತಿರುಗಿದಾಗಲೂ ಕೆಪಾಸಿಟರ್ 30 ವೋಲ್ಟಿನಷ್ಟು ತಿರುವುಮುರುವಾಗುತ್ತದೆ. ಲೆಕ್ಕ ಹಾಕಿದರೆ ರೆಸಿಸ್ಟರಿನಲ್ಲಿ ಮುಕ್ಕಾಲು ವಾಟ್ ಸದಾ ಕರಗುತ್ತಿರುತ್ತದೆ. ಕಾಲು ವಾಟಿನದ್ದು ಹಾಕಿದವರ ಬಸ್ಸಿನ ತುದಿಯಲ್ಲಿ ಕಂದುಬಣ್ಣದ ಕಲೆ ಇರುತ್ತದೆ.

ಪಾಯಿಂಟ್ ಮೋಟಾರ್‌ಗಳಿಗೆ ಬೇರೆ ದಾರಿ

ಮೊದಲು ಪಾಯಿಂಟ್ ಮೋಟಾರ್‌ಗಳ ಡಿಕೋಡರ್‌ಗಳೂ ಹಳಿಯ ಬಸ್ಸಿನಿಂದಲೇ ವಿದ್ಯುತ್ ಪಡೆಯುತ್ತಿದ್ದವು. ಇಂಜಿನ್ ತಪ್ಪು ಪಾಯಿಂಟಿಗೆ ನುಗ್ಗಿ ಶಾರ್ಟ್ ಆದರೆ, ಪಾಯಿಂಟ್ ತಿರುಗಿಸಿದೊಡನೆ ಶಾರ್ಟ್ ಬಿಡುತ್ತದೆ. ಆದರೆ ತಿರುಗಿಸಲು ಬೇಕಾದ ವಿದ್ಯುತ್ತೇ ಆ ಶಾರ್ಟಿನಿಂದ ನಿಂತಿರುತ್ತದೆ. ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಪ್ರತಿ ಸಲವೂ ಕೈಯಿಂದ ಇಂಜಿನ್ ಎತ್ತಬೇಕಾಗುತ್ತಿತ್ತು.

ಈಗ ಬ್ರೇಕರ್‌ಗಳಿಗಿಂತ ಮುಂಚೆಯೇ, ನೇರ ಬೂಸ್ಟರಿನಿಂದ, ಮೋಟಾರ್‌ಗಳಿಗಾಗಿಯೇ ಒಂದು ಪ್ರತ್ಯೇಕ ಜೋಡಿ ಹೊರಡುತ್ತದೆ. ನಿಧಾನ ತಿರುಗುವ ಮೋಟಾರ್‌ಗಳು ತಲಾ 20 ಮಿಲಿಆಂಪಿನಂತೆ 22ಕ್ಕೆ ಅರ್ಧ ಆಂಪಿಗೂ ಕಮ್ಮಿ. ಅದರ ಸಾಲಿನಲ್ಲಿ ವಾಹನದ ಬ್ರೇಕ್ ದೀಪಕ್ಕೆ ಹಾಕುವ 12 ವೋಲ್ಟ್ 21 ವಾಟ್ ಬಲ್ಬ್ ಒಂದನ್ನು ಕೂರಿಸಲಾಗಿದೆ. ತಂತು ತಣ್ಣಗಿರುವಾಗ ಅದರ ಪ್ರತಿರೋಧ ಅರ್ಧ ಓಮಿನ ಆಸುಪಾಸು, ಇದ್ದೂ ಇಲ್ಲದಂತೆ. ಆಚೆ ಶಾರ್ಟ್ ಆದರೆ ತಂತು ಕಾದು ಕರೆಂಟನ್ನು 2 ಆಂಪಿನ ಸುತ್ತ ಹಿಡಿದು ನಿಲ್ಲಿಸುತ್ತದೆ, ಬೆಳಕಿನಿಂದ ದೋಷ ಎಲ್ಲೆಂದೂ ತೋರಿಸುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಮತ್ತು ಉರಿಯುವ ಬಲ್ಬ್ ಸುಮಾರು 30 ವಾಟ್ ಶಾಖ ಬಿಡುತ್ತದೆ. ಹಲಗೆಗೂ ತಂತಿಗೂ ತಾಗದಂತೆ ಲೋಹದ ಹೋಲ್ಡರಿನಲ್ಲಿ, ಕಣ್ಣಿಗೆ ಕಾಣುವ ಕಡೆ ಇರಬೇಕು.

ಬಲ್ಬಿನ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪು: ಹೆಚ್ಚು ಭದ್ರವಾಗಲಿ ಎಂದು ಬ್ರೇಕರಿನ ಸಾಲಿನಲ್ಲೇ ಬಲ್ಬನ್ನೂ ಹಾಕುವುದು. ಬಲ್ಬ್ 2 ಆಂಪಿಗೆ ಕಟ್ಟಿಹಾಕಿದ ಮೇಲೆ 2.5 ಆಂಪಿನ ಬ್ರೇಕರ್ ಎಂದೂ ಕಡಿಯುವುದಿಲ್ಲ. ಒಂದೋ ಅದು, ಇಲ್ಲವೋ ಇದು.

ಶಾರ್ಟ್ ಹುಟ್ಟುವ ಜಾಗಗಳು

ಲೈವ್ ಫ್ರಾಗ್ ಇರುವ 14 ಪಾಯಿಂಟ್‌ಗಳಲ್ಲೂ ಕಥೆ ಒಂದೇ. ತೆರೆದ ಬ್ಲೇಡ್ (ಪಾಯಿಂಟಿನಲ್ಲಿ ಸರಿದಾಡುವ ಹಳಿ) ಫ್ರಾಗಿನ ಪೋಲಾರಿಟಿಯಲ್ಲಿರುತ್ತದೆ, ಪಕ್ಕದ ಸ್ಟಾಕ್ ರೈಲು (ಅಲುಗದ ಹೊರ ಹಳಿ) ಅದಕ್ಕೆ ವಿರುದ್ಧ. ಗಾಲಿಯ ಬೆನ್ನು ತೆರೆದ ಬ್ಲೇಡಿಗೆ ಸವರಿದರೆ ಕ್ಷಣಿಕ ಶಾರ್ಟ್. ಡಿಸಿಯಲ್ಲಿ ಒಂದು ಕಿಡಿಯಲ್ಲಿ ಮುಗಿಯುತ್ತಿದ್ದದ್ದು ಇಲ್ಲಿ ಬ್ರೇಕರನ್ನೇ ಎಬ್ಬಿಸುತ್ತದೆ. ಬ್ಲೇಡಿಗೂ ಫ್ರಾಗಿಗೂ ನಡುವೆ ಹಳಿ ಕತ್ತರಿಸಿ, ಪ್ರತಿ ಬ್ಲೇಡನ್ನೂ ಅದರ ಪಕ್ಕದ ಸ್ಟಾಕ್ ರೈಲಿಗೆ ತೆಳು ತಂತಿಯಿಂದ ಕೂಡಿಸಿ, ಫ್ರಾಗಿಗೆ ಮೋಟಾರಿನ ಚೇಂಜ್‌ಓವರ್ ಸ್ವಿಚ್ಚಿನಿಂದ ವಿದ್ಯುತ್ ಕೊಡಲಾಯಿತು. ಈಗ ಗಾಲಿಯ ಬೆನ್ನು ಬ್ಲೇಡಿಗೆ ತಾಗಿದರೂ ಎರಡೂ ಒಂದೇ ಪೋಲಾರಿಟಿ. ಜೊತೆಗೆ ಎಲ್ಲ ಬೋಗಿಗಳ ಗಾಲಿಗಳ ಬೆನ್ನಿನ ನಡುವಿನ ಅಂತರವನ್ನು ಗೇಜಿನಿಂದ ನೋಡಿ ಸುಮಾರು 14.4 ಮಿ.ಮೀ.ಗೆ ತರಲಾಯಿತು. ಯಾರ್ಡಿನ ಆ ಬೋಗಿ ಹಳಿ ತಪ್ಪಿದ್ದಕ್ಕೂ ಕಾರಣ ಒಂದು ಜೋಡಿ ಒಳಸರಿದ ಗಾಲಿಯೇ.

ತಿರುವು ಲೂಪ್ ಸುತ್ತಿ ಬಂದ ಹಳಿ ವಿರುದ್ಧ ಪೋಲಾರಿಟಿಯ ಹಳಿಗೇ ಕೂಡುತ್ತದೆ; ಅದಕ್ಕೇ ಲೂಪಿನ ಒಂದು ಭಾಗವನ್ನು ಸಂದಿಗಳಿಂದ ಪ್ರತ್ಯೇಕಿಸಿ, ಪೋಲಾರಿಟಿಯನ್ನು ತಾನಾಗಿ ಅದಲುಬದಲು ಮಾಡುವ ಆಟೋ ರಿವರ್ಸರಿನಿಂದ ವಿದ್ಯುತ್ ಕೊಡುತ್ತಾರೆ. ಆ ಪ್ರತ್ಯೇಕ ಭಾಗ 1.8 ಮೀಟರ್ ಇತ್ತು. ಅತಿ ಉದ್ದದ ರೈಲು 2.1 ಮೀಟರ್. ಇಂಜಿನ್ ಹೊರಹೋಗುವ ಸಂದಿ ದಾಟುವಾಗ ಕೊನೆಯ ಬೋಗಿಯ ಲೋಹದ ಗಾಲಿ ಒಳಬರುವ ಸಂದಿಯ ಮೇಲೆಯೇ ಇರುತ್ತಿತ್ತು. ಆಟೋ ರಿವರ್ಸರ್ ಒಂದು ತುದಿಗೆ ಪೋಲಾರಿಟಿ ಸರಿಮಾಡಿದರೆ ಇನ್ನೊಂದು ತುದಿ ಕೆಡುತ್ತದೆ. ಯಂತ್ರಕ್ಕೆ ಬಿಡಿಸಲಾಗದ ಒಗಟು. ಸಂದಿಗಳನ್ನು ಸರಿಸಿ 2.6 ಮೀಟರ್ ಮಾಡಿದ ಮೇಲೆ ಅದು ನಿಂತಿತು. ರಿವರ್ಸರ್ ಶಾರ್ಟನ್ನು ಕಂಡೇ ತಿರುಗುವ ಸಾಧನ. ಅದರ ಮುಂದೆ ಅಷ್ಟೇ ಚುರುಕಿನ ಬ್ರೇಕರ್ ಇದ್ದರೆ ಅದು ತಿರುಗುವ ಮೊದಲೇ ಬ್ರೇಕರ್ ಕಡಿದಿರುತ್ತದೆ. ಹಾಗಾಗಿ ತನ್ನೊಳಗೇ ಬ್ರೇಕರ್ ಇರುವ ರಿವರ್ಸರನ್ನು ತಂದು ಶಾಖಾ ಮಾರ್ಗದ ಬ್ರೇಕರಿನ ಹಿಂದೆ ಅಲ್ಲ, ಅದರ ಪಕ್ಕದಲ್ಲಿ, ನೇರ ಬೂಸ್ಟರಿನ ಬಸ್ಸಿಗೆ ಜೋಡಿಸಲಾಯಿತು.

ಆನ್ ಮಾಡಿದೊಡನೆ ಟ್ರಿಪ್

ಎಲ್ಲ ಸರಿಹೋದ ಮೇಲೆ ಹೊಸದೊಂದು ಶುರುವಾಯಿತು. ಯಾರ್ಡಿನ ಬ್ರೇಕರ್ ಆನ್ ಆಗಿ, ಕಡಿದು, ಮತ್ತೆ ಆನ್ ಆಗಿ, ಮತ್ತೆ ಕಡಿಯುತ್ತಿತ್ತು. ಹಳಿಯಲ್ಲಿ ಶಾರ್ಟ್ ಇರಲಿಲ್ಲ. 9 ಸೌಂಡ್ ಇಂಜಿನ್‌ಗಳೂ ಅಲ್ಲೇ ನಿಂತಿದ್ದವು. ಹಳಿಯ ವಿದ್ಯುತ್ ಕ್ಷಣ ತಪ್ಪಿದರೂ ಇಂಜಿನ್ ನಿಲ್ಲದಿರಲೆಂದು ಅವುಗಳೊಳಗೆ ‘ಕೀಪ್ ಅಲೈವ್’ ಕೆಪಾಸಿಟರ್ ಇರುತ್ತದೆ. ಖಾಲಿ ಕೆಪಾಸಿಟರ್ ತುಂಬಿಕೊಳ್ಳುವ ಮೊದಲ ಕ್ಷಣ ಶಾರ್ಟಿನಂತೆಯೇ ವರ್ತಿಸುತ್ತದೆ. ಒಂಬತ್ತು ಒಟ್ಟಿಗೆ ಬಾಯಿ ತೆರೆದರೆ ಬ್ರೇಕರಿಗೆ ವ್ಯತ್ಯಾಸ ತಿಳಿಯದು. ಮಿತಿಯನ್ನು 5ಕ್ಕೆ ಏರಿಸುವುದು ಇಲ್ಲಿ ತಪ್ಪು ಮದ್ದು. ಕೀಪ್ ಅಲೈವ್ ಕೆಪಾಸಿಟರ್‌ಗಳಿಗೆ ತುಂಬುವ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಹೊರಬರುವ ದಾರಿಗೆ ಅದಕ್ಕೆ ಸಮಾನಾಂತರವಾಗಿ ಡಯೋಡ್ ಹಾಕಿದಾಗ ಪ್ರತಿಯೊಂದೂ ಎಳೆಯುವುದು 0.15 ಆಂಪಿಗೆ ಇಳಿಯಿತು, ಒಂಬತ್ತಕ್ಕೆ 1.35. ಡಿಕೋಡರಿನ ಒಳಗೇ ಇರುವ ಕೆಪಾಸಿಟರ್‌ಗಳಿಗೆ ಈ ಉಪಾಯ ನಡೆಯುವುದಿಲ್ಲವಾದ್ದರಿಂದ, ಯಾರ್ಡಿನ ಸಾಲುಗಳನ್ನು ನಾಲ್ಕು ನಾಲ್ಕರಂತೆ ಎರಡು ಟಾಗಲ್ ಸ್ವಿಚ್ಚಿಗೆ ಕೊಟ್ಟು, ಒಂದಾದ ಮೇಲೊಂದು ಆನ್ ಮಾಡುವ ವ್ಯವಸ್ಥೆಯಾಯಿತು.

ಪರೀಕ್ಷೆ

ಮೊದಲು ಸಂದಿಗಳು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಸಂದಿಯ ಆಚೀಚೆ ಒಂದೇ ಹಳಿಗೆ ಮುಟ್ಟಿಸಿದರೆ ಸೊನ್ನೆಯ ಹತ್ತಿರ ತೋರಿಸಬೇಕು. ಪೂರ್ಣ ವೋಲ್ಟೇಜು ತೋರಿಸಿದರೆ ಆ ವಿಭಾಗದ ಎರಡು ತಂತಿಗಳು ಅದಲುಬದಲಾಗಿವೆ. ಲೂಪಿನ ಸಂದಿಗಳು ಮಾತ್ರ ಇದಕ್ಕೆ ಹೊರತು.

ಆಮೇಲೆ ಬಲ್ಬ್ ಪರೀಕ್ಷೆ. ಅದೇ 21 ವಾಟ್ ಬಲ್ಬನ್ನು ಎರಡು ಹಳಿಗಳಿಗೆ ಅಡ್ಡ ಹಿಡಿದರೆ ಸುಮಾರು 2 ಆಂಪಿನ ಹೊರೆ ಸಿಗುತ್ತದೆ, ಏನೂ ಸುಡುವುದಿಲ್ಲ. ಡಿಸಿಸಿ ಮೀಟರಿನಲ್ಲಿ ಹಳಿಯ ವೋಲ್ಟೇಜು ಓದಬೇಕು. ಸಾಮಾನ್ಯ ಮಲ್ಟಿಮೀಟರಿನ ಎಸಿ ಓದು ಈ ಚೌಕ ಅಲೆಗೆ ನಿಖರವಲ್ಲ, ಹೋಲಿಕೆಗಷ್ಟೇ ಸಾಕು. ಹಳೆಯ ವೈರಿಂಗಿನಲ್ಲಿ ಯಾರ್ಡಿನ ತುದಿಯ ಓದು 10 ವೋಲ್ಟ್. ಹೊಸದರಲ್ಲಿ 14.3.

ಕೊನೆಗೆ ನಾಣ್ಯ. ಪ್ರತಿ ಹಳಿ ತುಂಡಿನ ಎರಡೂ ತುದಿಗಳಲ್ಲಿ, ಪ್ರತಿ ಪಾಯಿಂಟಿನ ಮೂರೂ ಕಾಲುಗಳಲ್ಲಿ, ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯದೆ. ಆ ವಿಭಾಗದ ಬ್ರೇಕರ್ ಕೂಡಲೇ ಕಡಿಯಬೇಕು, ಉಳಿದ ಮೂರು ಅಲುಗಬಾರದು. ಎರಡು ಕಡೆ ಸೋತಿತು. ಒಂದು ಕಡೆ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಹಿಡಿಯದ ಬೆಸುಗೆ. ತಂತಿ ಎಳೆದರೆ ಕೈಗೇ ಬಂತು. ಇನ್ನೊಂದು ಕಡೆ ಒಂದು ಪಾಯಿಂಟಿನ ಬ್ಲೇಡಿಗೆ ತಂತಿ ಕೂಡಿಸುವುದು ಬಿಟ್ಟುಹೋಗಿ, ಬ್ಲೇಡ್ ಸ್ಟಾಕ್ ರೈಲಿಗೆ ತಾಗುವ ಮಾಸಿದ ಮೊನೆಯಿಂದಲೇ ಕರೆಂಟ್ ಬರುತ್ತಿತ್ತು.

ಬಲ್ಬ್ ಪರೀಕ್ಷೆಯ ಓದುಗಳನ್ನೆಲ್ಲ ಹಳಿಯ ನಕ್ಷೆಯ ಮೇಲೆ ಬರೆದು ಬೂಸ್ಟರಿನ ಪಕ್ಕ ಅಂಟಿಸಲಾಗಿದೆ. ಆರು ತಿಂಗಳಿಗೊಮ್ಮೆ ಅದೇ ಬಲ್ಬ್ ಹಿಡಿದು ಓದುವುದು. ಯಾವುದೇ ಜಾಗ 14 ವೋಲ್ಟಿನ ಕೆಳಗಿಳಿದಿದ್ದರೆ ಮೊದಲು ಆ ತುಂಡಿನ ಫೀಡರ್ ಎಳೆದು ನೋಡುವುದು, ಆಮೇಲೆ ಬಸ್ಸಿನ ಕೂಡು, ಅದೂ ಸರಿಯಿದ್ದರೆ ಬೂಸ್ಟರಿನ ಟರ್ಮಿನಲ್ ತಿರುಪು.